ಮನೆ ಕೊಳ್ಳುವವರು ಕಕ್ಕಡದಲ್ಲಿ ಬರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಆ ಗಾದೆ ಹುಟ್ಟಿದ ಕಾಲಕ್ಕೆ ಮನೆಯೆಂಬುದು ಕಟ್ಟುವ ವಸ್ತು, ಇಲ್ಲವೆ ಹಿರಿಯರಿಂದ ಬರುವ ವಸ್ತು. ಸಂತೆಯಲ್ಲಿ ಎತ್ತನ್ನು ಕೊಳ್ಳುವಂತೆ ಕೊಳ್ಳುವ ವಸ್ತುವಾಗಿರಲಿಲ್ಲ. ಎತ್ತನ್ನು ಕೊಳ್ಳುವಾಗಲಾದರೋ ನಮ್ಮ ರೈತನದು ಬಹಳ ಎಚ್ಚರ. ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಇಂದು ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಮನೆ ಕೊಳ್ಳುವ ವಿದ್ಯಾವಂತರು ಅದರ ಅರ್ಧದಷ್ಟು ಎಚ್ಚರವನ್ನಾದರೂ ವಹಿಸುತ್ತಾರೆಯೇ? ಈ ಪ್ರಶ್ನೆಯನ್ನು ಕೊಡಗಿನ ನೆಲದ ಮೇಲೆ ನಿಂತು ವಿಚಾರಿಸುವುದು ಇಂದಿನ ಭಾಷಣದ ಉದ್ದೇಶ.

ಸರ್ವೆ ಎಂಬ ಮಾತು ನಮ್ಮಲ್ಲಿ ಎಂದೋ ಮನೆಮಾತಾಗಿದೆ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಸರಪಳಿ, ಗಡಿಕಲ್ಲು, ಪಹಣಿ. ನೆಲವನ್ನು ಅಳೆಯುವ ಸರ್ವೆಯನ್ನು ನಾವು ಬಲ್ಲೆವು. ನೆಲದ ಮೇಲೆ ನಿಂತ ಮನೆಯ ಆರೋಗ್ಯವನ್ನು ಪರೀಕ್ಷಿಸುವ ಸರ್ವೆಯನ್ನು ಅರಿಯೆವು. ಸರ್ವೆಯರುಗಳ ಸಂಸ್ಥೆ ಲಂಡನ್ನಿನಲ್ಲಿ 1868ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಆ ದೇಶದಲ್ಲಿ ಮನೆ ಕೊಳ್ಳುವವನು ತನ್ನ ಖರ್ಚಿನಲ್ಲಿಯೇ ತಜ್ಞನೊಬ್ಬನನ್ನು ಕಳಿಸಿ, ಸೂರಿನಿಂದ ತಳಪಾಯದವರೆಗೆ ಪರೀಕ್ಷೆ ಮಾಡಿಸಿ, ಬರಹದಲ್ಲಿ ವರದಿ ಪಡೆದು ಆ ಬಳಿಕ ಬೆಲೆಯ ಮಾತಾಡುವುದು ಸಾಮಾನ್ಯ ರೂಢಿ. ನಮ್ಮಲ್ಲಿ ಸಾಲ ಕೊಡುವ ಬ್ಯಾಂಕು ಇಬ್ಬರ ಅಭಿಪ್ರಾಯ ಕೇಳುತ್ತದೆ. ವಕೀಲರು ಕಾಗದ ನೋಡುತ್ತಾರೆ, ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ. ಅವರಿಬ್ಬರ ಚಿಂತೆ ಬ್ಯಾಂಕಿನ ಹಣಕ್ಕೆ ಭದ್ರತೆಯುಂಟೇ ಎಂಬುದು; ಆ ಸೂರಿನ ಕೆಳಗೆ ಮಲಗುವವರ ತಲೆಗೆ ಭದ್ರತೆಯುಂಟೇ ಎಂಬುದಲ್ಲ. ಮೂರನೆಯವರಾಗಿ ವಾಸ್ತು ಹೇಳುವವರು ಬಂದು ಬಾಗಿಲಿನ ದಿಕ್ಕು ನೋಡಿ ಹೋಗುತ್ತಾರೆ. ಗೋಡೆಯನ್ನು ನೋಡಿದವರು ಯಾರೂ ಇಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ತನಗೆ ಗೊತ್ತಿದ್ದೂ ಕೊಳ್ಳುವವನಿಗೆ ಗೊತ್ತಿಲ್ಲದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಆದರೆ ಅಲ್ಲೊಂದು ಷರತ್ತಿದೆ: ಅದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದಂಥ ದೋಷವಾಗಿರಬೇಕು. ಕಣ್ಣೆದುರಿನ ಬಿರುಕನ್ನು ನೋಡದೆ ಕೊಂಡವನ ನೆರವಿಗೆ ಈ ಪ್ರಕರಣ ಬರುವುದಿಲ್ಲ. ಆದ್ದರಿಂದ ನೋಡಲು ಕಲಿಯುವುದು ನಮ್ಮದೇ ಹೊಣೆ.

ಹಳೆಯ ಮನೆಗೂ ಹೊಸ ಮನೆಗೂ ನೋಡುವ ಕಣ್ಣು ಬೇರೆ ಬೇರೆ ಇರಬೇಕು. ಹಳೆಯ ಮನೆಯ ದೋಷಗಳು ಎದ್ದು ಕಾಣುತ್ತವೆ, ಗುಣಗಳು ಅಡಗಿರುತ್ತವೆ. ಹೊಸ ಮನೆಯ ಗುಣಗಳು ಎದ್ದು ಕಾಣುತ್ತವೆ, ದೋಷಗಳು ಅಡಗಿರುತ್ತವೆ. ಹಳೆಯ ಮನೆಯನ್ನು ಕಂಡೊಡನೆ ಬೇಡವೆನ್ನುವುದೂ ಹೊಸ ಮನೆಯನ್ನು ಕಂಡೊಡನೆ ಮುಂಗಡ ಕೊಡುವುದೂ ಒಂದೇ ಜಾತಿಯ ಅವಿವೇಕ.

ಕೊಡಗಿನ ಹಿರಿಯ ಮನೆಗಳೆಂದರೆ ಐನ್‌ಮನೆಗಳು. ಅವು ಒಕ್ಕದ ಸೊತ್ತು, ಮಾರಾಟದ ಸರಕಲ್ಲ. ಆದರೂ ಮನೆ ಕೊಳ್ಳುವವರು ಮೊದಲು ನೋಡಿ ಪಾಠ ಕಲಿಯಬೇಕಾದುದು ಅಲ್ಲಿ. ಸಾಮಾನ್ಯವಾಗಿ ಐನ್‌ಮನೆ ಗದ್ದೆಗಿಂತ ಮೇಲೆ, ಬಾಣೆಗಿಂತ ಕೆಳಗೆ, ಗುಡ್ಡದ ಮೈ ಬಾಗಿ ವಿಶ್ರಮಿಸುವ ಕಡೆ ನಿಂತಿರುತ್ತದೆ. ಗದ್ದೆಯ ಕೆಸರು ತಳಪಾಯವನ್ನು ಮುಟ್ಟದು. ಗುಡ್ಡದ ನೀರಿಗೆ ಹರಿದುಹೋಗಲು ಬೇರೆ ಹಾದಿಯಿದೆ. ಎತ್ತರದ ಜಗಲಿಯ ಮೇಲೆ ಕೈಯಾಲೆ, ಅಲ್ಲಿ ಐಮರದ ಹಲಗೆಗಳು, ಅವನ್ನೆಲ್ಲ ಮಳೆಯ ಇರಚಲಿನಿಂದ ಕಾಪಾಡುವಂತೆ ಕೆಳಕ್ಕಿಳಿದ ಸೂರು. ಕಕ್ಕಬ್ಬೆಯ ಬಳಿ ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಿದವರಿಗೆ ಈ ಮಾತು ಅರ್ಥವಾದೀತು. ಜಿಲ್ಲೆಯಲ್ಲೇ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದರಲ್ಲಿ ಅದು ಕಾಲಕಾಲಕ್ಕೆ ದುರಸ್ತಿ ಕಂಡು ಎರಡು ಶತಮಾನಗಳಿಗೂ ಮಿಕ್ಕು ನಿಂತಿದೆ. ಅದನ್ನು ಕಟ್ಟಿದವರಿಗೆ ಸಿಮೆಂಟು ಗೊತ್ತಿರಲಿಲ್ಲ; ನೀರಿನ ನಡೆ ಗೊತ್ತಿತ್ತು.

ಇಂದು ನಮ್ಮ ಪೇಟೆಗಳಲ್ಲಿ ಮಾರಾಟಕ್ಕೆ ಬರುವ ಹಳೆಯ ಮನೆ ಬಹುಮಟ್ಟಿಗೆ ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿನವಾದವು. ಇಂಥ ಮನೆಯನ್ನು ಪರೀಕ್ಷಿಸುವವರು ಮೊದಲು ಅಟ್ಟವನ್ನು ಹತ್ತಬೇಕು. ಹೆಂಚು ಒಡೆದಿದ್ದರೆ ಬದಲಿಸುವುದು ಸುಲಭ. ಕೆಳಗಿನ ಪಕಾಸು, ರೀಪು, ತೊಲೆಗಳ ಸ್ಥಿತಿಯೇನು ಎಂಬುದು ಮುಖ್ಯ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಮೊಳೆಯ ಮೊನೆಯಿಂದ ಒತ್ತಿ ನೋಡಿ. ಮರ ಮೊದಲು ಸಾಯುವುದು ಅಲ್ಲಿಯೇ, ತೇವ ನಿಲ್ಲುವ ಜಾಗದಲ್ಲಿ. ಗೆದ್ದಲಿನ ಮಣ್ಣಿನ ಗೆರೆ, ಕೊರೆಹುಳುವಿನ ಹಿಟ್ಟು ಇವನ್ನು ಬೆಳಕು ಹಿಡಿದು ಹುಡುಕಿ. ಹೊರಗೆ ದೂರ ನಿಂತು ಮಾಡಿನ ಮೇಲಂಚನ್ನು ದಿಟ್ಟಿಸಿ: ಅದು ನಡುವೆ ಬಗ್ಗಿದ್ದರೆ ಒಳಗೆ ಯಾವುದೋ ಮರ ಸೋತಿದೆ.

ಇಲ್ಲಿ ಕನ್ನಡ ಅಧ್ಯಾಪಕನಿಗೆ ಗ್ರಂಥಸಂಪಾದನೆಯ ನೆನಪಾಗುವುದು ಸಹಜ. ಹಳೆಯ ಮನೆಯೂ ಒಂದು ಓಲೆಗರಿಯ ಪ್ರತಿಯೇ. ಮೂಲಪಾಠ ಯಾವುದು, ಆಮೇಲೆ ಸೇರಿಸಿದ ಪ್ರಕ್ಷಿಪ್ತ ಯಾವುದು ಎಂದು ವಿವೇಚಿಸಬೇಕು. ಮನೆಗಳಲ್ಲಿ ಕಾಣುವ ಅತಿ ಸಾಮಾನ್ಯವಾದ ಪ್ರಕ್ಷಿಪ್ತವೆಂದರೆ ಮಣ್ಣಿನ ಗೋಡೆಗೆ ಬಳಿದ ಸಿಮೆಂಟಿನ ಸಾರಣೆ. ಸುಣ್ಣ ಬಳಿದ ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟು ಬಳಿದರೆ ಆ ಉಸಿರು ಕಟ್ಟುತ್ತದೆ. ಹೊರಗೆ ನುಣುಪು, ಒಳಗೆ ಮಣ್ಣು ಮೆತ್ತಗೆ. ಅಡುಗೆಮನೆಯ ಗೋಡೆ ಒಡೆದು ಮಾಡಿದ ಹೊಸ ಬಾಗಿಲು, ಮರದ ಮಹಡಿಯ ಮೇಲೆ ತಂದಿಟ್ಟ ಬಚ್ಚಲು, ಇವೂ ಅಂಥವೇ. ಹಳೆಯ ಮನೆಗಳು ಬೀಳುವುದು ಮುಪ್ಪಿನಿಂದ ಮಾತ್ರವಲ್ಲ, ತಿಳಿಯದೆ ಮಾಡಿದ ಉಪಚಾರದಿಂದ ಕೂಡ.

ಇನ್ನು ಹೊಸ ಮನೆ. ಅದರ ಕಥೆ ಆರಂಭವಾಗುವುದು ಮನೆಯಲ್ಲಲ್ಲ, ನೆಲದಲ್ಲಿ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಪರೀಕ್ಷೆಯ ವಿಧಾನ ಹೇಳಿದೆ. ಒಂದು ಮೊಳ ಗುಂಡಿ ತೋಡಿ ಅದೇ ಮಣ್ಣಿನಿಂದ ಮತ್ತೆ ಮುಚ್ಚಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸಾಲದೆ ಹೋದರೆ ಅನಿಷ್ಟ. ಇಲ್ಲವೆ ಗುಂಡಿಯಲ್ಲಿ ನೀರು ತುಂಬಿ, ನೂರು ಹೆಜ್ಜೆ ನಡೆದುಹೋಗಿ ಮರಳಿ ಬಂದು ನೋಡಬೇಕು; ನೀರು ಇಳಿಯದಿದ್ದರೆ ಒಳ್ಳೆಯದು. ಇದರಲ್ಲಿ ಮಂತ್ರವಿಲ್ಲ, ತಂತ್ರವಿದೆ. ಗಟ್ಟಿಯಾಗಿ ಒತ್ತಿಕೊಂಡ ಮಣ್ಣು ಅಗೆದಾಗ ಹಿಗ್ಗಿ ಮಿಗುತ್ತದೆ. ಸಡಿಲ ಮಣ್ಣು ಕುಗ್ಗುತ್ತದೆ, ನೀರನ್ನು ನುಂಗುತ್ತದೆ. ವಾಸ್ತುವಿನ ಹೆಸರಿನಲ್ಲಿ ಬಾಗಿಲನ್ನು ತಿರುಗಿಸುವ ನಾವು ಅದೇ ಶಾಸ್ತ್ರದ ಈ ಗುಂಡಿಯನ್ನು ಮರೆತಿದ್ದೇವೆ.

ಮರೆತುದರ ಫಲ ಬೆಟ್ಟದ ನಾಡಿನಲ್ಲಿ ಬೇಗ ಕಾಣುತ್ತದೆ. ಯಂತ್ರ ತಂದು ಗುಡ್ಡದ ಒಡಲನ್ನು ನೆಟ್ಟಗೆ ಕಡಿಯುತ್ತಾರೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಸಮತಟ್ಟು ಮಾಡುತ್ತಾರೆ. ನಿವೇಶನದ ಹಿಂದಿನ ಅರ್ಧ ಕಡಿದ ನೆಲ, ಮುಂದಿನ ಅರ್ಧ ತುಂಬಿದ ನೆಲ. ಮನೆ ಒಂದೇ, ಅದರ ಕಾಲುಗಳು ಮಾತ್ರ ಎರಡು ಬಗೆಯ ನೆಲದ ಮೇಲೆ. ಮುಂದಿನ ಅರ್ಧ ನಿಧಾನವಾಗಿ ಕುಸಿಯುತ್ತದೆ, ನಡುವೆ ಗೋಡೆ ಸೀಳುತ್ತದೆ. ಹಿಂದೆ ನೆಟ್ಟಗೆ ನಿಂತ ಬರೆ ಮಳೆ ಕುಡಿದು ಭಾರವಾಗುತ್ತದೆ.

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳು ಹೋದುದನ್ನು, ಜೀವಹಾನಿಯಾದುದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ತೋರ ಮತ್ತು ಕೋರಂಗಾಲ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ. ಮಳೆ ವಿಪರೀತವಾಗಿತ್ತು ನಿಜ. ಆದರೆ 2018ರ ಬಳಿಕ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದುದನ್ನೂ ನೀರಿನ ಸಹಜ ಹಾದಿ ಕಟ್ಟಿಹೋದುದನ್ನೂ ಕಾರಣಗಳಲ್ಲಿ ಎಣಿಸಿದರು. ನಿರ್ದೋಷಿಗಳ ಮನೆಗಳೂ ಹೋದವು ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ನಿವೇಶನ ಒಳ್ಳೆಯದಿದ್ದರೆ ಸಾಲದು. ನಮ್ಮ ಮೇಲಿನ ಗುಡ್ಡದಲ್ಲಿ ಯಾರು ಏನು ಕಡಿದಿದ್ದಾರೆ ಎಂಬುದೂ ನಮ್ಮ ಮನೆಯ ಸಂಗತಿಯೇ.

ಆದ್ದರಿಂದ ಹೊಸ ಮನೆಯನ್ನು ನೋಡಹೋದವರು ಅಡುಗೆಮನೆಯ ಕಪಾಟುಗಳನ್ನು ತೆರೆಯುವ ಮೊದಲು ಹಿತ್ತಲಿಗೆ ಹೋಗಬೇಕು. ಬರೆ ಎಷ್ಟು ಎತ್ತರ, ಮನೆಗೆ ಎಷ್ಟು ಹತ್ತಿರ? ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ಕಿಂಡಿಗಳಿವೆಯೇ, ಅವು ತೆರೆದಿವೆಯೇ? ಕಿಂಡಿಯಿಲ್ಲದ ತಡೆಗೋಡೆ ಮಣ್ಣಿನ ಭಾರದ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ. ಗೋಡೆ ಮುಂದಕ್ಕೆ ಉಬ್ಬಿದೆಯೇ? ಮೇಲಿನ ನೆಲದಲ್ಲಿ ಉದ್ದನೆಯ ಬಿರುಕು, ಬುಡದಿಂದ ವಾಲಿದ ಮರಗಳು, ಹಿಂದೆ ಇಲ್ಲದಲ್ಲಿ ಎದ್ದ ಒರತೆ, ತಿಳಿಯಾಗಿದ್ದು ಇದ್ದಕ್ಕಿದ್ದಂತೆ ಕೆಂಪಾದ ನೀರು, ಇವು ಗುಡ್ಡ ಕೊಡುವ ಮುನ್ಸೂಚನೆಗಳು. ಆ ಬಳಿಕ ಮನೆಯೊಳಗೆ ಬನ್ನಿ. ಸಜ್ಜಾ ಮತ್ತು ತಾರಸಿಯ ಅಡಿಮೈಯನ್ನು ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ತುಕ್ಕಿನ ಕಂದು ಗೆರೆ ಕಂಡರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತಿದೆ ಎಂದರ್ಥ. ತಾರಸಿಯ ಮೇಲೆ ಶೀಟಿನ ಮಾಡು ಹೊದಿಸುವುದು ನಮ್ಮ ಮಳೆಯಲ್ಲಿ ವಿವೇಕವೇ. ಆದರೆ ಅದನ್ನು ಹೊದಿಸಿದ್ದು ಸೋರುವ ಮೊದಲೋ ಸೋರಿದ ಮೇಲೋ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬಿರುಕುಗಳಲ್ಲಿಯೂ ಭೇದವುಂಟು. ಕೂದಲೆಳೆಯಂತೆ ಸಾರಣೆಯಲ್ಲಿ ಹರಡಿದ ಗೆರೆಗಳು ಬಹುಮಟ್ಟಿಗೆ ನಿರಪಾಯಕರ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ, ಬೆರಳುಗುರು ತೂರುವಷ್ಟು ಅಗಲದ ಬಿರುಕು ತಳಪಾಯದ ದೂರನ್ನು ಹೇಳುತ್ತದೆ. ಅದು ನಿಂತ ಬಿರುಕೋ ಬೆಳೆಯುವ ಬಿರುಕೋ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಚೂರನ್ನು ಎರಡು ಬದಿಗೂ ಅಂಟಿಸಿ, ತಾರೀಖು ಬರೆದಿಟ್ಟು ಕೆಲವು ತಿಂಗಳು ಕಾಯಬೇಕು. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಕರಿಕೆಗಳ ಸುತ್ತ ನೆಲ ಲಘುವಾಗಿ ಕಂಪಿಸಿದ್ದನ್ನು ನೆನೆದರೆ, ಆ ಕಡೆಯ ಮನೆಗಳಿಗೆ ಈ ಪರೀಕ್ಷೆ ಹೆಚ್ಚು ಅಗತ್ಯ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಗೋಡೆ ಕಂಡರೆ ಅಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಿ.

ಕಾಗದಪತ್ರಗಳನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಒಂದೇ ಪಹಣಿಯಲ್ಲಿ ಒಕ್ಕದ ಹಲವರ ಹೆಸರಿರುವುದುಂಟು. ಒಬ್ಬರ ಸಹಿಯಿಂದ ಕೆಲಸ ಮುಗಿಯದು. ತೋಟದ ನಡುವಿನ ನಿವೇಶನಕ್ಕೆ 1964ರ ಭೂಕಂದಾಯ ಕಾಯಿದೆಯಂತೆ ಪರಿವರ್ತನೆಯಾಗಿದೆಯೇ ಎಂದು ನೋಡಲೇಬೇಕು. ದೊಡ್ಡ ಬಡಾವಣೆಯಲ್ಲಿ, ವಸತಿ ಸಮುಚ್ಚಯದಲ್ಲಿ ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ರಕ್ಷಣೆಯಿದೆ: ಸ್ವಾಧೀನ ಪಡೆದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದು ತಿಳಿಸಿದರೆ, ನಿರ್ಮಾಪಕರು 30 ದಿನಗಳಲ್ಲಿ ಬೇರೆ ಖರ್ಚು ಕೇಳದೆ ಸರಿಪಡಿಸಿಕೊಡಬೇಕು. ಆದರೆ ಒಬ್ಬರು ತಮಗಾಗಿ ಕಟ್ಟಿಕೊಂಡ ಒಂಟಿ ಮನೆಯನ್ನು ಕೊಳ್ಳುವವರಿಗೆ ಈ ಆಸರೆ ದೊರೆಯದು. ಅಲ್ಲಿ ಆಸರೆ ನಮ್ಮ ಕಣ್ಣು, ಮತ್ತು ನಾವೇ ಶುಲ್ಕ ಕೊಟ್ಟು ಕರೆದೊಯ್ಯುವ ಒಬ್ಬ ಇಂಜಿನಿಯರು. ಮನೆ ತೋರಿಸಿದ ದಲ್ಲಾಳಿಯೇ ಇಂಜಿನಿಯರನ್ನೂ ಕರೆತಂದರೆ ಆ ವರದಿಗೆ ಬೆಲೆ ಕಡಿಮೆ.

ಕೊನೆಯದಾಗಿ ಕಾಲದ ಮಾತು. ಹೊರಗಿನಿಂದ ಕೊಡಗಿಗೆ ಮನೆ ನೋಡಲು ಬರುವವರು ಹೆಚ್ಚಾಗಿ ಡಿಸೆಂಬರ್, ಜನವರಿಗಳಲ್ಲಿ ಬರುತ್ತಾರೆ. ಎಳೆಬಿಸಿಲು, ಮಂಜು, ಕೆಂಪಾದ ಕಾಫಿ ಹಣ್ಣು. ಆಗ ಎಲ್ಲ ಮನೆಗಳೂ ಸುಂದರ, ಎಲ್ಲ ಬರೆಗಳೂ ಸ್ಥಿರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಮಡಿಕೇರಿಯ ಮನೆಯನ್ನು ಮಳೆಯಿಲ್ಲದ ದಿನ ನೋಡುವುದೆಂದರೆ, ಗಾಯಕನನ್ನು ಅವನ ಭಾವಚಿತ್ರ ನೋಡಿ ಆರಿಸಿದಂತೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ, ಕೊಡೆ ಹಿಡಿದು, ಹಳೆಯ ಮೆಟ್ಟು ಹಾಕಿಕೊಂಡು ಒಮ್ಮೆ ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದುದು ಎತ್ತ ಹೋಗುತ್ತದೆ, ಯಾವ ಗೋಡೆ ಬೆವರುತ್ತದೆ, ತಡೆಗೋಡೆಯ ಕಿಂಡಿ ನೀರು ಉಗುಳುತ್ತದೆಯೇ, ಎಲ್ಲವೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಬೇಸಿಗೆಯ ಕೊನೆಯಲ್ಲಿ ಇನ್ನೊಮ್ಮೆ ಬಂದು ಬಾವಿಗೆ ಇಣುಕಿ, ನೀರು ಎಷ್ಟಿದೆ, ಶೌಚದ ಗುಂಡಿ ಅದಕ್ಕೆ ಎಷ್ಟು ದೂರದಲ್ಲಿದೆ ಎಂದು ನೋಡಿ. ಎರಡು ಸಲವೂ ನೆರೆಮನೆಯ ಹಿರಿಯರನ್ನು ಮಾತಾಡಿಸಿ. ಇಲ್ಲಿ ಹಿಂದೆ ಏನಿತ್ತು ಎಂಬ ಒಂದು ಪ್ರಶ್ನೆ ಸಾಕು. ತೋಡಿತ್ತು, ನಾವು ಮುಚ್ಚಿದೆವು ಎಂಬ ಉತ್ತರ ಬಂದರೆ ನೀವು ಉಳಿಸಿದ ಹಣ ಸಣ್ಣದಲ್ಲ. ಮುಚ್ಚಿದವರು ಮರೆತರೂ ತೋಡು ತನ್ನ ಹಾದಿಯನ್ನು ಮರೆಯುವುದಿಲ್ಲ.