ವೇಗ ಮತ್ತು ಪರಿಶೋಧನೆ

‘ಆಡಿಟ್’ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯದು. ‘ಕೇಳುವುದು’ ಎಂದು ಅದರ ಅರ್ಥ. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಒಪ್ಪಿಸುವ ರೂಢಿಯಿತ್ತು. ಇನ್ನೊಬ್ಬರು ಕುಳಿತು ಕೇಳುತ್ತಿದ್ದರು. ಬಾನುಲಿಯ ಕೇಳುಗರೊಡನೆ ಈ ಅರ್ಥವನ್ನು ನೆನೆಯುವುದು ಉಚಿತವೇ ಆಗಿದೆ. ಇಂದು ಬ್ಯಾಂಕು, ಷೇರುಪೇಟೆಗಳ ವ್ಯವಹಾರವೆಲ್ಲ ಗಣಕಯಂತ್ರದ ತಂತ್ರಾಂಶದಲ್ಲಿ ನಡೆಯುವುದರಿಂದ, ಪರಿಶೋಧಕನು ಆ ತಂತ್ರಾಂಶದ ಕಥೆಯನ್ನೂ ಕೇಳಬೇಕಾಗಿದೆ. ಆದರೆ ಅದನ್ನು ಬರೆಯುವ ತಂಡಗಳಿಗೂ ಪರಿಶೋಧಕರಿಗೂ ಹಲವೆಡೆ ಎಣ್ಣೆ–ಸೀಗೆಕಾಯಿಯ ಸಂಬಂಧ.

ಇದಕ್ಕೆ ಕಾರಣವುಂಟು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿ ಒಂದು ಪ್ರಣಾಳಿಕೆಯನ್ನು ಸಿದ್ಧಪಡಿಸಿದರು. ಮೊದಲು ಇಡೀ ಯೋಜನೆಯನ್ನು ಬರೆದು ಮುಗಿಸಿ, ವರ್ಷಗಳ ಬಳಿಕ ಫಲವನ್ನು ನೋಡುವ ಕ್ರಮ ಅವರಿಗೆ ಬೇಸರ ತಂದಿತ್ತು. ಸಣ್ಣ ತಂಡ, ಕೆಲವೇ ವಾರಗಳಿಗೊಮ್ಮೆ ಬಳಕೆಗೆ ಬರುವ ಒಂದು ತುಣುಕು, ಬದಲಾವಣೆಗೆ ಸದಾ ಸ್ವಾಗತ, ಇದು ‘ಅಜೈಲ್’ ಎಂಬ ಚುರುಕಿನ ಪದ್ಧತಿ. ರಾಶಿ ದಾಖಲೆಗಳಿಗಿಂತ ಕೆಲಸಮಾಡುವ ತಂತ್ರಾಂಶವೇ ಹೆಚ್ಚು ಎಂದು ಅವರು ಸಾರಿದರು.

ಈ ಮಾತನ್ನು ‘ದಾಖಲೆಯೇ ಬೇಡ’ ಎಂದು ಓದಿದವರು ಬಹಳ. ಭಾಷೆಯನ್ನು ಕಲಿಸಿದವನಾಗಿ ನಾನು ಇಲ್ಲಿ ತುಸು ತಡೆಯುತ್ತೇನೆ. ‘ಇದಕ್ಕಿಂತ ಅದು ಹೆಚ್ಚು’ ಎಂಬುದು ತಾರತಮ್ಯ; ನಿಷೇಧವಲ್ಲ. ಕಡಿಮೆಯೆಂದು ಎಣಿಸಿದ್ದಕ್ಕೂ ಬೆಲೆಯಿದೆಯೆಂದು ಆ ಪ್ರಣಾಳಿಕೆಯೇ ಹೇಳುತ್ತದೆ.

ಅದೇ 2001ರಲ್ಲಿ ಎನ್ರಾನ್ ಕಂಪನಿ ದಿವಾಳಿಯೆದ್ದಿತು. ಮರುವರ್ಷ ಅಮೆರಿಕದಲ್ಲಿ ಬಂದ ಸಾರ್ಬೇನ್ಸ್–ಆಕ್ಸ್‌ಲಿ ಕಾಯಿದೆ, ಹಣಕಾಸಿನ ವರದಿಯ ಹಿಂದಿರುವ ಆಂತರಿಕ ನಿಯಂತ್ರಣಗಳಿಗೆ ಕಂಪನಿಯ ಆಡಳಿತವನ್ನೇ ಹೊಣೆಯಾಗಿಸಿತು. ಹೀಗಾಗಿ ಪರಿಶೋಧಕನು ಕೇಳುತ್ತಾನೆ: ಈ ಬದಲಾವಣೆಯನ್ನು ಬಯಸಿದವರಾರು? ಬರೆದವರಾರು? ಬರೆದವನಲ್ಲದೆ ಬೇರೆ ಯಾರು ನೋಡಿದರು? ಬಳಕೆಗೆ ಬಿಟ್ಟವರಾರು?

ಈ ಪ್ರಶ್ನೆಗಳು ಕೇವಲ ಕಾಗದದ ಕಾಟವಲ್ಲವೆಂಬುದಕ್ಕೆ ಒಂದು ನಿದರ್ಶನ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕಳೆದುಕೊಂಡಿತು. ಹೊಸ ತಂತ್ರಾಂಶವನ್ನು ಎಂಟು ಯಂತ್ರಗಳಿಗೆ ಹಾಕಬೇಕಿತ್ತು, ಒಂದು ಉಳಿದುಹೋಯಿತು. ಅದರಲ್ಲಿ ವರ್ಷಗಳಿಂದ ಬಳಕೆ ತಪ್ಪಿದ್ದ ಹಳೆಯ ಭಾಗವೊಂದು ಎಚ್ಚೆತ್ತು, ಲಕ್ಷಾಂತರ ಬೇಡದ ವ್ಯವಹಾರಗಳನ್ನು ಮಾಡಿತು. ಹಾಕಿದವನ ಕೆಲಸವನ್ನು ಎರಡನೆಯವನು ನೋಡಿರಲಿಲ್ಲ. ನೋಡಬೇಕೆಂಬ ಲಿಖಿತ ನಿಯಮವೂ ಇರಲಿಲ್ಲವೆಂದು ಅಲ್ಲಿನ ಷೇರುಪೇಟೆ ನಿಯಂತ್ರಕರು 2013ರಲ್ಲಿ ದಾಖಲಿಸಿ, 1.2 ಕೋಟಿ ಡಾಲರ್ ದಂಡ ವಿಧಿಸಿದರು. ಆ ವರ್ಷವೇ ನೈಟ್ ಇನ್ನೊಂದು ಸಂಸ್ಥೆಯಲ್ಲಿ ವಿಲೀನವಾಯಿತು.

ಹಾಗಾದರೆ ಚುರುಕಿನ ತಂಡ ಮತ್ತೆ ದಪ್ಪ ಕಡತಗಳಿಗೆ ಮರಳಬೇಕೆ? ಬೇಕಿಲ್ಲ. ದಿನಕ್ಕೆ ಹಲವು ಬಾರಿ ತಂತ್ರಾಂಶವನ್ನು ತಿದ್ದುವವರಿಂದ ಪ್ರತಿಯೊಂದಕ್ಕೂ ರುಜು ಹಾಕಿದ ಕಾಗದವನ್ನು ಕೇಳಿದರೆ, ಅವರು ಪರಿಶೋಧನೆಯ ಹಿಂದಿನ ರಾತ್ರಿ ಕುಳಿತು ಅದನ್ನು ಸೃಷ್ಟಿಸುತ್ತಾರೆ. ಅದು ಕೆಲಸದ ದಾಖಲೆಯಲ್ಲ, ಕೆಲಸದ ವೇಷ. ನಿಜವಾದ ಸಾಕ್ಷ್ಯ ಕೆಲಸದ ಒಡಲಲ್ಲೇ ಹುಟ್ಟಬೇಕು. ಯಾರು ಯಾವ ಸಾಲನ್ನು ಯಾವಾಗ ತಿದ್ದಿದರೆಂಬುದನ್ನು ತಂಡದ ಸಲಕರಣೆಗಳೇ ಬರೆದಿಡಬಲ್ಲವು. ಇನ್ನೊಬ್ಬರು ಒಪ್ಪದೆ, ನಿಗದಿತ ಪರೀಕ್ಷೆಗಳು ಮುಗಿಯದೆ ಬದಲಾವಣೆ ಮುಂದೆ ಸಾಗದಂತೆ ಬಾಗಿಲನ್ನೇ ಕಟ್ಟಬಹುದು. ಪರಿಶೋಧಕನು ಆ ಬಾಗಿಲು ಭದ್ರವೆ, ಅದನ್ನು ದಾಟಿಹೋಗುವ ಕಳ್ಳದಾರಿ ಯಾರಿಗಾದರೂ ಇದೆಯೆ ಎಂಬುದನ್ನು ಪರೀಕ್ಷಿಸಿ, ವರ್ಷದ ಬದಲಾವಣೆಗಳಲ್ಲಿ ಕೆಲವನ್ನು ಆರಿಸಿ ಮೂಲದಿಂದ ಕೊನೆಯವರೆಗೆ ಹಿಂಬಾಲಿಸಿದರೆ ಸಾಕು. ಇದಕ್ಕಾಗಿ ಅವನೂ ಹೊಸ ವಿದ್ಯೆಯನ್ನು ಕಲಿಯಬೇಕು. ವರ್ಷದ ಕೊನೆಗೆ ಅತಿಥಿಯಂತೆ ಬರುವ ಬದಲು ತಂಡದೊಡನೆ ಮೊದಲೇ ಮಾತನಾಡಬೇಕು.

ಯಂತ್ರಕ್ಕೆ ಒಂದು ಮಿತಿಯಿದೆ. ಎರಡನೆಯವನು ಒಪ್ಪಿಗೆಯ ಗುಂಡಿಯನ್ನು ಒತ್ತಿದನೆಂಬುದನ್ನು ಅದು ತೋರಿಸೀತು. ಅವನು ಓದಿ ಒತ್ತಿದನೆ, ಓದದೆ ಒತ್ತಿದನೆ ಎಂಬುದನ್ನಲ್ಲ. ಆ ಓದು ಮನುಷ್ಯನ ಧರ್ಮಕ್ಕೆ ಸೇರಿದ್ದು. ಗೆಳೆಯನ ಬರಹವನ್ನು ದಾಕ್ಷಿಣ್ಯವಿಲ್ಲದೆ ಓದಬಲ್ಲವರು ತಂಡದಲ್ಲಿದ್ದರೆ ಪರಿಶೋಧನೆ ಅಲ್ಲಿ ಆಗಲೇ ಅರ್ಧ ಮುಗಿದಿರುತ್ತದೆ. ಹೊರಗಿನಿಂದ ಬಂದವನು ಕೇಳಬೇಕಾದದ್ದು ಉಳಿದರ್ಧ ಮಾತ್ರ.