ಕೆಂಪಿರುವೆಗೆ ಬಿಸಿನೀರು ಸಾಕು, ತೋಟದ ವಿಷ ಮನೆಗೆ ಬೇಡ

(ಲೈನು ಮನೆಗಳ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಇರುವೆಯ ದುಡಿಮೆಯನ್ನು ಹೊಗಳುವ ಮಾತನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇವತ್ತು ಅದರ ಕೊಂಡಿಯ ವಿಷಯ ಮಾತಾಡೋಣ. ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಲೈನಿನ ಅಂಗಳದಲ್ಲಿ, ನಲ್ಲಿಯ ಹತ್ತಿರ, ಕಕ್ಕಸಿನ ದಾರಿಯಲ್ಲಿ ಪುಡಿಮಣ್ಣಿನ ಗುಪ್ಪೆಗಳು ಏಳುತ್ತವೆ. ಮಗು ಅದರ ಮೇಲೆ ಕಾಲಿಟ್ಟರೆ ಚೀರಾಟ. ಆಗ ಯಾರಾದರೊಬ್ಬರು ತೋಟದಲ್ಲಿ ಹೊಡೆದು ಉಳಿದ ಔಷಧಿಯನ್ನು ಬಾಟಲಿಯಲ್ಲಿ ಮನೆಗೆ ತರುತ್ತಾರೆ. ಇರುವೆ ಕಚ್ಚಿದರೆ ಹೆಚ್ಚಿನವರಿಗೆ ಒಂದೆರಡು ದಿನದ ಉರಿ. ಆ ಬಾಟಲಿಯಾದರೋ ಒಂದು ಜೀವವನ್ನೇ ತೆಗೆಯಬಲ್ಲದು. ಇಂದಿನ ಮಾತಿನ ತಿರುಳು ಇದೇ.

ಮೊದಲು ಯಾವ ಇರುವೆ ಎಂದು ಗುರುತಿಸಬೇಕು. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ನಮ್ಮ ನಾಡಿನದೇ. ಅದು ಬಾಯಿಂದ ಕಚ್ಚುತ್ತದೆ, ಆದರೆ ಬೆಳೆಯ ಹುಳುಗಳನ್ನು ತಿಂದು ಉಪಕಾರವನ್ನೂ ಮಾಡುತ್ತದೆ. ಅದನ್ನು ಮರದಲ್ಲೇ ಇರಲು ಬಿಡಿ. ಉದ್ದ ಕಾಲಿನ, ದಿಕ್ಕು ತಪ್ಪಿದಂತೆ ಓಡಾಡುವ ಹಳದಿ ಇರುವೆ ಇನ್ನೊಂದು. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ದನಕರುಗಳಿಗೆ ಕಾಟ ಕೊಟ್ಟದ್ದು ಅದೇ. ಅದು ಕುಟುಕುವುದಿಲ್ಲ, ಉರಿಯುವ ಹುಳಿ ದ್ರವವನ್ನು ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ನಾವು ಹೇಳುತ್ತಿರುವುದು ನೆಲದಲ್ಲಿ ಗೂಡು ಮಾಡಿ, ಬೆಂಕಿ ತಾಗಿದಂತೆ ಕುಟುಕುವ ಸಣ್ಣ ಕೆಂಪಿರುವೆಯನ್ನು. ಒಂದೇ ಗೂಡಿನಲ್ಲಿ ಚಿಕ್ಕವೂ ಇರುತ್ತವೆ, ದಪ್ಪ ತಲೆಯ ದೊಡ್ಡವೂ ಇರುತ್ತವೆ. ಸೊಲೆನಾಪ್ಸಿಸ್ ಜೆಮಿನೇಟಾ ಎಂಬುದು ಇದರ ಶಾಸ್ತ್ರೀಯ ಹೆಸರು. ಇದರ ತವರು ಅಮೆರಿಕ ಖಂಡ. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗುಗಳು ಮೆಕ್ಸಿಕೋದ ಅಕಾಪುಲ್ಕೋದಿಂದ ಮನಿಲಾಕ್ಕೆ ಹೋಗುತ್ತಿದ್ದಾಗ ಅವುಗಳೊಂದಿಗೆ ಈ ಇರುವೆಯೂ ಸಮುದ್ರ ದಾಟಿತೆಂದು 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿದೆ. ಹೀಗೆ ಹರಡಿದ್ದು ದಕ್ಷಿಣ ಭಾರತದಲ್ಲೂ ಬೇರೂರಿದೆ. ಈಗಲೂ ಇದು ಮಣ್ಣಿನ ಜೊತೆಗೇ ಪಯಣಿಸುತ್ತದೆ. ಆದ್ದರಿಂದ ನರ್ಸರಿ ಚೀಲ, ಗೊಬ್ಬರದ ಮಣ್ಣು ತಂದರೆ ಮನೆಯ ಗೋಡೆಗೆ ಒತ್ತಿ ಸುರಿಯಬೇಡಿ, ದೂರದಲ್ಲಿಟ್ಟು ನೋಡಿ.

ಇದು ಕುಟುಕುವ ಬಗೆಯನ್ನು ತಿಳಿದರೆ ಮಾಡಬೇಕಾದ್ದೂ ತಿಳಿಯುತ್ತದೆ. ದವಡೆಯಿಂದ ಚರ್ಮವನ್ನು ಕಚ್ಚಿ ಹಿಡಿದು, ಮೈಯನ್ನು ಬಾಗಿಸಿ ಹಿಂತುದಿಯ ಕೊಂಡಿಯಿಂದ ಚುಚ್ಚುತ್ತದೆ. ಹಿಡಿತ ಬಿಡದೆ, ಸುತ್ತ ತಿರುಗಿ ಮತ್ತೆ ಮತ್ತೆ ಚುಚ್ಚುತ್ತದೆ. ಹಾಗಾಗಿ ನೀರು ಸುರಿದು ಕಾಯುತ್ತಾ ನಿಲ್ಲಬಾರದು. ಮೊದಲು ಗೂಡಿನಿಂದ ದೂರ ಸರಿಯಿರಿ. ಕೈಯಿಂದಲೋ ಬಟ್ಟೆಯಿಂದಲೋ ಬಿರುಸಾಗಿ ಉಜ್ಜಿ ಇರುವೆಗಳನ್ನು ತೆಗೆಯಿರಿ. ಬೂಟಿನೊಳಗೆ, ಸೀರೆಯ ಮಡಿಕೆಯೊಳಗೆ, ಮಗುವಿನ ಚಡ್ಡಿಯೊಳಗೆ ಇದ್ದಾವೇ ನೋಡಿ. ಆಮೇಲೆ ಸೋಪು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಇಡಿ. ಕೈಗೆ ಕುಟುಕಿದ್ದರೆ ಬಾವು ಏರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಗುಳ್ಳೆ ಎದ್ದರೆ ಒಡೆಯಬೇಡಿ. ಸುಣ್ಣ, ಸೀಮೆಎಣ್ಣೆ, ಬೀಡಿಯ ಬೂದಿ ಹಚ್ಚಬೇಡಿ. ಮಕ್ಕಳು ಕೆರೆದುಕೊಳ್ಳದಂತೆ ಉಗುರು ಕತ್ತರಿಸಿ. ಕೆಂಪು ಹರಡುತ್ತಾ ಹೋದರೆ, ಕೀವಾದರೆ, ಜ್ವರ ಬಂದರೆ ಆಸ್ಪತ್ರೆಗೆ ತೋರಿಸಿ.

ಇನ್ನು ಜೀವದ ಮಾತು. ಕೆಲವರ ಮೈಗೆ ಈ ವಿಷ ಒಗ್ಗುವುದಿಲ್ಲ. ಹಿಂದೆ ಕುಟುಕಿದಾಗ ಏನೂ ಆಗಿರದವರಿಗೂ ಮುಂದೊಮ್ಮೆ ಹೀಗಾಗಬಹುದು. ಕುಟುಕಿದ ಜಾಗ ಬಿಟ್ಟು ಮೈಯೆಲ್ಲ ಪಿತ್ತಗಂಧೆ ಏಳುವುದು, ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದುವುದು, ದನಿ ಬದಲಾಗುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು, ಒಂದೇ ಸಮನೆ ವಾಂತಿ ಬರುವುದು—ಇವು ಅಪಾಯದ ಗುರುತುಗಳು. ಇವು ಬಹಳ ಸಲ ಕೆಲವೇ ನಿಮಿಷಗಳಲ್ಲಿ ಕಾಣಿಸುತ್ತವೆ. ಇದಕ್ಕೆ ಮದ್ದು ಅಡ್ರಿನಲಿನ್ ಸೂಜಿ. ಅದು ಆಸ್ಪತ್ರೆಯಲ್ಲಿದೆ, ಮನೆಮದ್ದಿನಲ್ಲಿ ಇಲ್ಲ. ರೋಗಿಯನ್ನು ನಡೆಸಬೇಡಿ. ಮಲಗಿಸಿ ಕಾಲನ್ನು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. 108ಕ್ಕೆ ಫೋನ್ ಮಾಡಿ. ಅದು ತಡವಾದರೆ ಸಿಕ್ಕಿದ ಜೀಪಿನಲ್ಲೇ ಹೊರಡಿ. ಮೇಸ್ತ್ರಿಯ ಒಪ್ಪಿಗೆಗೋ ಆಫೀಸಿನ ಚೀಟಿಗೋ ಕಾಯಬೇಡಿ. ಚೀಟಿಯನ್ನು ನಾಳೆಯೂ ಬರೆಸಬಹುದು.

ತಾನಾಗಿ ಎದ್ದು ಓಡಲಾರದವರಿಗೆ ಅಪಾಯ ಹೆಚ್ಚು: ಹಸುಗೂಸು, ಹಾಸಿಗೆ ಹಿಡಿದ ಮುದುಕರು, ಕುಡಿದು ನೆಲಕ್ಕೆ ಬಿದ್ದವರು. ಮಂಚದ, ತೊಟ್ಟಿಲ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಯಲ್ಲೋ ತೆಂಗಿನ ಕರಟದಲ್ಲೋ ಇಡಿ. ಬರೀ ನೀರಿನ ಮೇಲೆ ಇರುವೆ ತೇಲುತ್ತದೆ. ಸ್ವಲ್ಪ ಸೋಪು ಕದಡಿದರೆ ಮುಳುಗುತ್ತದೆ. ಸೊಳ್ಳೆ ಮರಿಯಾಗದಂತೆ ವಾರಕ್ಕೆ ಎರಡು ಸಲ ನೀರು ಬದಲಿಸಿ. ಹಾಸಿಗೆ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಬೆಲ್ಲ, ಎಣ್ಣೆ, ಒಣಮೀನಿನ ಡಬ್ಬಿಗಳಿಗೆ ಬಿಗಿಯಾದ ಮುಚ್ಚಳ ಬೇಕು. ಮನೆಯೊಳಗೆ ಸಾಲು ಕಂಡರೆ ಸೋಪು ನೀರಿನಿಂದ ಒರೆಸಿ.

ಅಂಗಳದ ಗೂಡಿಗೆ ಬಿಸಿನೀರು ಒಳ್ಳೆಯ ಆಯುಧ. ಚಳಿಗಾಲದ ಬೆಳಗಿನ ಎಳೆಬಿಸಿಲಿಗೆ ಇರುವೆಗಳು ಗೂಡಿನ ಮೇಲ್ಭಾಗಕ್ಕೆ ಬಂದಿರುತ್ತವೆ. ಆಗ ಕುದಿಯುವ ನೀರು ಹತ್ತು ಹನ್ನೆರಡು ಲೀಟರನ್ನು ನಿಧಾನವಾಗಿ ಸುರಿಯಬೇಕು. ರಾಣಿ ಆಳದಲ್ಲಿ ಉಳಿದರೆ ಗೂಡು ಮತ್ತೆ ಏಳುತ್ತದೆ, ಆದ್ದರಿಂದ ಎರಡು ಮೂರು ಸಲ ಮಾಡಬೇಕಾದೀತು. ಮಕ್ಕಳನ್ನು ಒಳಗಿಟ್ಟು, ಬೂಟು ಹಾಕಿದ ದೊಡ್ಡವರು ಮಾತ್ರ ಈ ಕೆಲಸ ಮಾಡಲಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬೋರಿಕ್ ಪುಡಿಯಿಂದಲೂ ಇರುವೆಗೆ ತಿನಿಸು ಮಾಡಬಹುದು: ಅರ್ಧ ಲೀಟರು ನೀರು, 50 ಗ್ರಾಂ ಸಕ್ಕರೆ, 5 ಗ್ರಾಂ ಪುಡಿ. ಪುಡಿ ಹೆಚ್ಚಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ. ಕಡಿಮೆಯಿದ್ದರೆ ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತದೆ. ಇದನ್ನು ಹತ್ತಿಯಲ್ಲಿ ನೆನೆಸಿ, ಸಣ್ಣ ತೂತಿನ ಮುಚ್ಚಿದ ಡಬ್ಬಿಯಲ್ಲಿ ಇಡಿ. ಇದೂ ವಿಷವೇ. ಮಕ್ಕಳಿಗೂ ಕೋಳಿಗಳಿಗೂ ಸಿಗಬಾರದು. ಫಲ ಕಾಣಲು ಕೆಲವು ವಾರ ಬೇಕು.

ತೋಟದ ಔಷಧಿಯಂತೂ ಬೇಡವೇ ಬೇಡ. ಹಿಂದೆ ಇರುವೆಗೆ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿತು. ತಿಮೆಟ್ ಎಂದು ನಾವು ಕರೆಯುವ ಫೋರೇಟ್ ಹರಳು, ನುವಾನ್ ಎಂದು ಮಾರುತ್ತಿದ್ದ ಡೈಕ್ಲೋರ್ವಾಸ್—ಇವೆರಡೂ 2020ರ ಡಿಸೆಂಬರ್ 31ರಿಂದ ನಿಷೇಧವಾಗಿವೆ. ಹಳೆಯದು ಮೂಲೆಯಲ್ಲಿ ಉಳಿದಿದ್ದರೆ ಮುಟ್ಟಬೇಡಿ, ಯೂನಿಯನ್ನಿಗೆ ತಿಳಿಸಿ. ಬ್ರಾಂದಿ ಬಾಟಲಿಯಲ್ಲೋ ಜ್ಯೂಸಿನ ಬಾಟಲಿಯಲ್ಲೋ ಇಟ್ಟ ಔಷಧಿಯನ್ನು ಕತ್ತಲಲ್ಲಿ ಯಾರೂ ಗುರುತಿಸಲಾರರು. ಪೆಟ್ರೋಲು ಸುರಿದು ಬೆಂಕಿ ಹಚ್ಚುವುದೂ ಹೀಗೆಯೇ. ಲೈನು ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂಬುದು ನೆನಪಿರಲಿ. ತೋಟದ ವಿಷ ತೋಟದಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಕಾಸರಗೋಡಿನ ನಮ್ಮ ಜನ ಅನುಭವಿಸಿ ತಿಳಿದಿದ್ದಾರೆ. ಅಲ್ಲಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಮನೆಗಳ ಮಕ್ಕಳ ಗತಿಯನ್ನು ನಾಡೆಲ್ಲ ಕಂಡಿದೆ.

ಕೊನೆಯದಾಗಿ, ಬಿಸಿನೀರು ಕಾಯಿಸುವುದು ನಮ್ಮ ಕೆಲಸ. ಎಲ್ಲವೂ ನಮ್ಮ ಕೆಲಸವಲ್ಲ. ಕೂಸನ್ನು ಮರದ ಬುಡದಲ್ಲಿ ಬಟ್ಟೆ ಹಾಸಿ ಮಲಗಿಸಿ ಎಲೆ ಕೊಯ್ಯುವ ತಾಯಿಗೆ ಬೇಕಾದದ್ದು ಇರುವೆಯ ಮದ್ದಲ್ಲ, ಶಿಶುಮನೆ. 1951ರ ಪ್ಲಾಂಟೇಷನ್ ಕಾಯಿದೆಯಲ್ಲಿ ಶಿಶುಮನೆ, ವಸತಿ, ವೈದ್ಯಕೀಯ ನೆರವು ಇದ್ದವು. ಆ ಕಾಯಿದೆಯ ಜಾಗಕ್ಕೆಂದು ಮಾಡಿದ 2020ರ ಸಂಹಿತೆಯಲ್ಲೂ ಇವೆ. ಔಷಧಿಯನ್ನು ಸುರಕ್ಷಿತವಾಗಿ ಇಡುವ ಹೊಣೆ ಮಾಲೀಕರದೆಂದೂ ಅದರಲ್ಲಿದೆ. ಗೋಡೆಯ ಬಿರುಕು ಮುಚ್ಚಿಸುವುದು, ಔಷಧಿ ಉಗ್ರಾಣಕ್ಕೆ ಬೀಗ ಹಾಕಿಸುವುದು, ರಾತ್ರಿ ಆಸ್ಪತ್ರೆಗೆ ಹೋಗಲು ಒಂದು ಗಾಡಿ—ಇಷ್ಟನ್ನು ಒಬ್ಬೊಬ್ಬರೇ ಹೋಗಿ ಬೇಡುವುದು ಬೇಡ. ಇಡೀ ಲೈನಿನವರು ಸಹಿ ಹಾಕಿ ಬರವಣಿಗೆಯಲ್ಲಿ ಕೊಡೋಣ. ಅರ್ಜಿ ಬರೆಯಲು ನಾವು ಕೂರುತ್ತೇವೆ. ನೀವು ಈ ವಾರವೇ ನಿಮ್ಮ ಮನೆಯಲ್ಲಿ ಗುರುತಿಲ್ಲದ ಬಾಟಲಿ ಇದೆಯೇ ನೋಡಿ, ಮಕ್ಕಳ ಕೈಗೆ ಸಿಗದಂತೆ ಹೊರಗೆ ತೆಗೆದಿಟ್ಟು ನಮಗೆ ಹೇಳಿ.