ನೆರೆಯ ವ್ಯಾಕರಣ: ಕ್ರು ಭಾಷೆಗಳಿಂದ ಖಾನಾಪುರದವರೆಗೆ

ಬೆಳಗಾವಿಯ ಪೇಟೆಯಲ್ಲಿ ಒಂದೇ ವ್ಯಾಪಾರದ ಮಾತು ಕನ್ನಡದಲ್ಲಿ ಶುರುವಾಗಿ, ಮರಾಠಿಗೆ ಹೊರಳಿ, ದಖನಿ ಉರ್ದುವಿನಲ್ಲಿ ಮುಗಿಯುವುದುಂಟು. ಈ ಹೊರಳಾಟ ಇಷ್ಟು ಸಲೀಸಾಗಿರುವುದಕ್ಕೆ ಇಲ್ಲಿಯವರ ನಾಲಿಗೆಯ ಚುರುಕೊಂದೇ ಕಾರಣವೆಂದರೆ ಅರ್ಧ ಮಾತ್ರ ಹೇಳಿದಂತಾಯಿತು. ಭಾಷೆ ಬದಲಾದಾಗ ಪದ ಬದಲಾಗುತ್ತದೆ, ವಾಕ್ಯದ ಹಂದರ ಬಹುಮಟ್ಟಿಗೆ ಹಾಗೇ ನಿಂತಿರುತ್ತದೆ ಎಂಬುದು ಉಳಿದರ್ಧ. ಕನ್ನಡ ದ್ರಾವಿಡ ಕುಲದ್ದು. ಮರಾಠಿ, ಉರ್ದು, ಕೊಂಕಣಿಗಳು ಇಂಡೋ-ಆರ್ಯ ಕುಲದವು. ಕುಲ ಬೇರೆಯಾದರೂ ಹಂದರ ಹೇಗೆ ಹೊಂದಿಕೊಂಡಿತು, ಆ ಹೊಂದಿಕೆಯಿಂದ ಈ ನೆಲದ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದೇ ಇಂದಿನ ವಿಷಯ. ಭಾಷೆಗೆ ಹುಟ್ಟಿನ ಲೆಕ್ಕ ಬೇರೆ, ನೆರೆಯ ಲೆಕ್ಕ ಬೇರೆ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಸಾಧಿಸಲಾಗದು ಎಂಬುದು ನನ್ನ ವಾದ. ಅದನ್ನು ಒರೆಗೆ ಹಚ್ಚಲು ಮೊದಲು ದೂರದ ಒಂದು ಭಾಷಾಗುಂಪನ್ನು ನೋಡೋಣ.

ಪಶ್ಚಿಮ ಆಫ್ರಿಕಾದ ಲೈಬೀರಿಯದ ಆಗ್ನೇಯ ಭಾಗದಿಂದ ಐವರಿ ಕೋಸ್ಟಿನ ನೈಋತ್ಯದವರೆಗೆ ಹಬ್ಬಿರುವ ಕ್ಲಾವೊ, ಗ್ರೆಬೊ, ಬಸ್ಸಾ, ಬೆಟೆ, ದಿದಾ ಮೊದಲಾದ ಭಾಷೆಗಳನ್ನು ಒಟ್ಟಾಗಿ ಕ್ರು ಎನ್ನುತ್ತಾರೆ. ಇವು ತಾನ ಭಾಷೆಗಳು: ಅದೇ ಅಕ್ಷರವನ್ನು ಏರುದನಿಯಲ್ಲಿ ನುಡಿದರೆ ಒಂದರ್ಥ, ಇಳಿದನಿಯಲ್ಲಿ ನುಡಿದರೆ ಇನ್ನೊಂದು, ಮೂರು ನಾಲ್ಕು ಮಟ್ಟದ ತಾನಗಳು ಇಲ್ಲಿ ಸಾಮಾನ್ಯ. ತುಟಿಯನ್ನೂ ನಾಲಿಗೆಯ ಹಿಂಭಾಗವನ್ನೂ ಒಮ್ಮೆಗೇ ಮುಚ್ಚಿ ಹೊರಡಿಸುವ ‘ಕ್ಪ’, ‘ಗ್ಬ’ ಎಂಬ ವ್ಯಂಜನಗಳಿವೆ. ಈ ವ್ಯಂಜನಗಳು ಕ್ರು ಭಾಷೆಗಳವಷ್ಟೇ ಅಲ್ಲ. ಆ ಭೂಭಾಗದಲ್ಲಿ ಒಂದಕ್ಕೊಂದು ನಂಟಿಲ್ಲದ ಕುಲಗಳಲ್ಲೂ ಕಾಣುತ್ತವೆ. ಗ್ರೀನ್‌ಬರ್ಗ್ 1963ರಲ್ಲಿ ಕ್ರುವನ್ನು ಪಕ್ಕದ ಕ್ವಾ ಗುಂಪಿಗೆ ಸೇರಿಸಿದ್ದರು. ಆಮೇಲಿನವರು ಅದನ್ನು ಬಿಡಿಸಿ ನೈಜರ್-ಕಾಂಗೊ ಕುಲದ ಬೇರೆ ಕವಲೆಂದು ಎಣಿಸಿದರು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವುಗಳ ವಾಕ್ಯಕ್ರಮ. ಸರಳ ವಾಕ್ಯದಲ್ಲಿ ‘ಅವನು ಉಂಡ ಅನ್ನ’ ಎಂಬಂತೆ ಕ್ರಿಯೆ ನಡುವೆ ಬರುತ್ತದೆ. ಸಹಾಯಕ ಕ್ರಿಯೆ ಸೇರಿತೆಂದರೆ ಅದು ನಡುವೆ ನಿಂತು, ಮುಖ್ಯ ಕ್ರಿಯೆ ಕನ್ನಡದಲ್ಲಿದ್ದಂತೆ ಕೊನೆಗೆ ಸರಿಯುತ್ತದೆ. ನೆರೆಯ ಮಾಂಡೆ ಭಾಷೆಗಳಲ್ಲೂ ಇಂಥದೇ ಕ್ರಮವಿದೆ. ಹಾಗಾದರೆ ಇದು ನೆರೆಯಿಂದ ಬಂದದ್ದೇ? ಲಿನೆಲ್ ಮಾರ್ಚೀಸ್ ಅವರು ಕ್ರು ಸಹಾಯಕ ಕ್ರಿಯೆಗಳ ಕುರಿತ 1986ರ ಗ್ರಂಥದಲ್ಲಿ, ಅವು ಒಂದು ಕಾಲದಲ್ಲಿ ಪೂರ್ಣ ಕ್ರಿಯಾಪದಗಳಾಗಿದ್ದವೆಂದು ತೋರಿಸಿದರು. ಈ ಭಾಷೆಗಳಲ್ಲಿ ಒಡೆಯ ಮೊದಲು, ಒಡವೆ ಆಮೇಲೆ. ‘ಅವನು ಅನ್ನದ ಊಟದಲ್ಲಿದ್ದಾನೆ’ ಎಂಬಂಥ ವಾಕ್ಯ ಸವೆದರೆ ಸಾಕು, ಯಾವ ನೆರೆಯವರ ನೆರವೂ ಇಲ್ಲದೆ ಕ್ರಿಯೆ ಕೊನೆಗೆ ಬಂದು ನಿಲ್ಲುತ್ತದೆ. ಹೋಲಿಕೆ ಕಂಡೊಡನೆ ಎರವಲು ಎನ್ನಬಾರದು ಎಂಬ ಎಚ್ಚರವನ್ನು ನಾನು ಕ್ರುವಿನಿಂದ ಪಡೆಯುತ್ತೇನೆ.

ಆ ಎಚ್ಚರದಿಂದ ಬೆಳಗಾವಿಗೆ ಬಂದರೆ, ನಾವು ಮೆಚ್ಚಿ ಹೇಳುವ ಎಷ್ಟೋ ಸಾಕ್ಷ್ಯಗಳನ್ನು ಕೈಬಿಡಬೇಕಾಗುತ್ತದೆ. ಕನ್ನಡ, ಮರಾಠಿ ಎರಡರಲ್ಲೂ ಕ್ರಿಯೆ ಕೊನೆಗೆ ಬರುತ್ತದೆ ಎಂಬುದು ಏನನ್ನೂ ಸಾಧಿಸುವುದಿಲ್ಲ. ದೂರದ ಹಿಂದಿಯಲ್ಲೂ ಹಾಗೇ. ನಿಲ್ಲುವ ಸಾಕ್ಷ್ಯವೆಂದರೆ ನಮ್ಮ ‘ಅಂತ’. ‘ಮಳಿ ಬಂತಂತ ಹೋಗಲಿಲ್ಲ’ ಎಂಬಲ್ಲಿ ‘ಅನ್ನು’ ಎಂಬ ಕ್ರಿಯೆಯಿಂದ ಹುಟ್ಟಿದ ‘ಅಂತ’ ಕಾರಣವನ್ನು ಹೇಳುತ್ತದೆ. ಮರಾಠಿಯಲ್ಲಿ ಅದೇ ಜಾಗಕ್ಕೆ ‘ಮ್ಹಣೂನ್’ ಬರುತ್ತದೆ. ಅದೂ ‘ಅನ್ನು’ ಎಂಬರ್ಥದ ಕ್ರಿಯೆಯಿಂದಲೇ ಹುಟ್ಟಿದ್ದು. ದಖನಿಯಲ್ಲಿ ‘ಬೋಲ್ಕೆ’. ಇದಕ್ಕೆ ಎರಡು ಆಕ್ಷೇಪಗಳಿವೆ. ಸಂಸ್ಕೃತದ ‘ಇತಿ’ಯೂ ಮಾತಿನ ಕೊನೆಗೆ ಬರುತ್ತಿತ್ತಲ್ಲ, ಮರಾಠಿಗೆ ಇದು ಮನೆಯ ಆಸ್ತಿಯೇ ಇರಬಾರದೇಕೆ ಎಂಬುದು ಒಂದು. ಹೇಳುವ ಕ್ರಿಯೆ ಹೀಗೆ ಸವೆಯುವುದು ಲೋಕದಲ್ಲೆಲ್ಲ ಉಂಟು, ಪಶ್ಚಿಮ ಆಫ್ರಿಕಾದ ಈವೆ ಭಾಷೆಯಲ್ಲೂ ಉಂಟು, ಕಾಕತಾಳೀಯವೇ ಇರಬಾರದೇಕೆ ಎಂಬುದು ಇನ್ನೊಂದು. ಎರಡೂ ತೂಕದ ಆಕ್ಷೇಪಗಳೇ. ಆದರೆ ಉರ್ದುವನ್ನು ನೋಡಿ. ಲಖನೌದ ಉರ್ದು ‘ಕಿ’ ಎಂದು ಮೊದಲೇ ಹೇಳಿ ಆಮೇಲೆ ಮಾತನ್ನು ಇಡುತ್ತದೆ. ಅದರ ತಂಗಿಯಾದ ದಖನಿ ಈ ನೆಲಕ್ಕೆ ಬಂದ ಮೇಲೆ ಮಾತನ್ನು ಮೊದಲಿಟ್ಟು ‘ಬೋಲ್ಕೆ’ ಎಂದು ಮುಗಿಸುತ್ತದೆ. ತಾಯಿ ಒಬ್ಬಳೇ, ಬದಲಾದದ್ದು ಊರು. ‘ಇತಿ’ಯ ಆಸ್ತಿ ಇಬ್ಬರಿಗೂ ಸಮಾನವಾಗಿತ್ತು, ಕಾಕತಾಳೀಯವೆಂದರೆ ಅದು ದಕ್ಷಿಣದಲ್ಲೇ ಏಕೆ ನಡೆಯಬೇಕಿತ್ತು?

ಕೊಡುವವರು ಯಾವಾಗಲೂ ನಾವೇ ಎಂದು ಹಿಗ್ಗುವಂತಿಲ್ಲ. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಮಾತನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಜೊತೆಗೆ ಮರಾಠಿ. ‘ಇದು ನಿಮ್ಮ ಮನಿ’ ಎಂದು ಕ್ರಿಯಾಪದವಿಲ್ಲದೆ ಮುಗಿಯಬೇಕಾದ ಕನ್ನಡ ವಾಕ್ಯ ಅಲ್ಲಿ ‘ಇದು ನಿಮ್ಮ ಮನಿ ಐತಿ’ ಎಂದಾಗುತ್ತದೆ. ಮರಾಠಿಯ ‘ಆಹೇ’, ಉರ್ದುವಿನ ‘ಹೈ’ ಕೂರುವ ಜಾಗದಲ್ಲಿ ‘ಐತಿ’ ಕೂತಿದೆ. ಒಂದು ಭಾಷೆಯ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದವಿಟ್ಟು ತಿರುಗಿಸಬಹುದಾದಷ್ಟು ಅವು ಹೊಂದಿಕೊಂಡಿವೆ. ಹಾಗಿದ್ದೂ ಪದಗಳು, ಪ್ರತ್ಯಯಗಳು ಬೇರೆಯಾಗಿಯೇ ಉಳಿದಿವೆ, ಏಕೆಂದರೆ ಮನೆಯೊಳಗಿನ ಮಾತು ಆ ಮನೆಯ ಗುರುತು. ನೆರೆಯ ಪ್ರಭಾವವನ್ನು ಒಪ್ಪಿದರೆ ತಾಯ್ನುಡಿ ಕರಗಿಹೋಗುತ್ತದೆ ಎಂದು ಅಂಜುವವರಿಗೆ ಕುಪವಾಡವೇ ಉತ್ತರ: ಶತಮಾನಗಳ ಬಳಕೆಯಲ್ಲಿ ಹಂದರ ಒಂದಾದರೂ ಅಲ್ಲಿ ಕನ್ನಡ ಕನ್ನಡವಾಗಿಯೇ ಇತ್ತು. ಇನ್ನೊಂದು ಸೋಜಿಗವನ್ನೂ ಹೇಳಬೇಕು. ಕೇಳುವವನನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ ಎಂಬ ಭೇದ ತುಳು, ತಮಿಳು, ತೆಲುಗುಗಳಲ್ಲಿದೆ. ಇಂದಿನ ಶಿಷ್ಟ ಕನ್ನಡ ಅದನ್ನು ಕಳೆದುಕೊಂಡಿದೆ. ಮರಾಠಿ ಮಾತ್ರ ‘ಆಪಣ’, ‘ಆಮ್ಹಿ’ ಎಂದು ಅದನ್ನು ಕಾಪಾಡಿಕೊಂಡು ಬಂದಿದೆ.

ಇದನ್ನೆಲ್ಲ ಕೇಳಿದ ಒಬ್ಬರು, ಮರಾಠಿಯ ಅಡಿಪಾಯ ದ್ರಾವಿಡವಾದ್ದರಿಂದ ಈ ನೆಲ ನಮ್ಮದೆಂಬುದು ವ್ಯಾಕರಣದಿಂದಲೇ ಸಿದ್ಧವಾಯಿತಲ್ಲ ಎನ್ನಬಹುದು. ಇಲ್ಲಿಯ ಕನ್ನಡದಲ್ಲಿ ಮರಾಠಿಯ ಛಾಯೆ ಇರುವುದರಿಂದ ನೆಲ ತಮ್ಮದೆಂದು ಇನ್ನೊಬ್ಬರು ಎನ್ನಬಹುದು. ಇಬ್ಬರ ವಾದವನ್ನೂ ನಾನು ಒಪ್ಪಲಾರೆ. ವ್ಯಾಕರಣದ ಲಕ್ಷಣಕ್ಕೆ ತೇದಿಯಿಲ್ಲ, ಸರ್ವೆ ನಂಬರಿಲ್ಲ. ಎರಡು ಜನ ಜೊತೆಯಾಗಿ ಬಾಳಿದರು ಎಂದಷ್ಟೇ ಅದು ನುಡಿಯುತ್ತದೆ. ಈ ಸೀಮೆಯ ಕನ್ನಡದ ಹಳಮೆಗೆ ಬೇರೆಯೇ ಗಟ್ಟಿ ಆಧಾರವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಒಂಕುಂದ ಇದೇ ಜಿಲ್ಲೆಯ ವಕ್ಕುಂದ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳು ಸಂಸ್ಕೃತದಲ್ಲಿವೆ ಎಂಬುದನ್ನೂ ಇದರ ಜೊತೆಗಿಟ್ಟು ಓದಬೇಕು. ಇತಿಹಾಸದ ಪ್ರಶ್ನೆಗೆ ಇತಿಹಾಸದ ದಾಖಲೆಯೇ ಉತ್ತರಿಸಲಿ.

ಹುಟ್ಟಿನ ಲೆಕ್ಕ, ನೆರೆಯ ಲೆಕ್ಕ ಎರಡೂ ಪೂರ್ತಿ ಬೇರೆಯಾಗಿ ಕಾಣುವುದು ಖಾನಾಪುರದ ಕಾಡಂಚಿನ ಸಿದ್ದಿಗಳಲ್ಲಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರ ಸಂತತಿ ಇವರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಸಿಕ್ಕಿದ್ದು 2020ರಲ್ಲಿ. ಹಿರಿಯರಲ್ಲಿ ಹಲವರ ಮಾತು ಬಂಟು ಕುಲದ್ದಿದ್ದೀತು: ನಾಮಪದಗಳನ್ನು ಪೂರ್ವಪ್ರತ್ಯಯಗಳಿಂದ ವರ್ಗ ವರ್ಗವಾಗಿ ವಿಂಗಡಿಸುವ ಭಾಷೆಗಳು ಅವು, ಕ್ರುವಿಗೆ ದೂರದ ದಾಯಾದಿಗಳು. ಇಂದು ಅವರಲ್ಲಿ ಬಹಳ ಜನರ ಮನೆಮಾತು ಕೊಂಕಣಿ. ಹೊರಗೆ ಕನ್ನಡ, ಮರಾಠಿ. ಆ ಕೊಂಕಣಿಯಲ್ಲಿ ಆಫ್ರಿಕಾದ ಪಳೆಯುಳಿಕೆಗಳನ್ನಷ್ಟೇ ಹುಡುಕಿ ಬರಿಗೈಯಲ್ಲಿ ಮರಳುವುದು ಅದಕ್ಕೆ ಮಾಡುವ ಅನ್ಯಾಯ. ಲಖನೌದ ಉರ್ದುವಿನ ಪಕ್ಕದಲ್ಲಿ ದಖನಿಯನ್ನಿಟ್ಟು ನೋಡಿದ ಹಾಗೆ, ಗೋವೆಯ ಕೊಂಕಣಿಯ ಪಕ್ಕದಲ್ಲಿ ಸಿದ್ದಿಗಳ ಕೊಂಕಣಿಯನ್ನಿಡಬೇಕು. ಅದು ಎಲ್ಲಿ ದಾರಿ ಬದಲಿಸಿದೆ, ಅಲ್ಲಿ ‘ಅಂತ’ದ ನೆರಳಿದೆಯೋ ‘ಮ್ಹಣೂನ್’ದ ನೆರಳಿದೆಯೋ ಎಂದು ಒಂದೊಂದೇ ವಾಕ್ಯವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.